ತೊಳೆಯಲು ಹೋದ ಜಮಖಾನ

ಆ ಜಮಖಾನ ಕೆಂಪು ಬಣ್ಣದ್ದಾಗಿತ್ತು, ಅಂಚಿಗೆ ನೀಲಿ ಪಟ್ಟಿ ಇತ್ತು, ನಡುವೆ ಎದುರುಬದುರಾಗಿ ನಿಂತ ನವಿಲುಗಳಿದ್ದವು. ಹೀಗೆಂದು ನಾನು ಹೇಳುತ್ತೇನೆ. ನವಿಲು ಇರಲಿಲ್ಲ, ಪಗಡೆ ಹಾಸಿನ ಮನೆಗಳಿದ್ದವು ಎಂದು ನನ್ನ ಅಕ್ಕ ಹೇಳುತ್ತಾಳೆ. ನಾವಿಬ್ಬರೂ ಅದನ್ನು ಸರಿಯಾಗಿ ನೋಡಿಲ್ಲ ಎಂಬುದೇ ಬಹುಶಃ ನಿಜ. ನಾವು ನೋಡಿದಾಗೆಲ್ಲ ಅದರ ಮೇಲೆ ಬೇರೆಯವರು ಕೂತಿರುತ್ತಿದ್ದರು, ಇಲ್ಲವೇ ಅದನ್ನು ಸುತ್ತಿ ಇಟ್ಟಿರುತ್ತಿದ್ದರು.

ಮನುಷ್ಯನ ನೆನಪು ಕಳಪೆ ಸಾಕ್ಷಿ ಎಂದು ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದರು. ನಾನು ಓದಿದ್ದು ಇತಿಹಾಸ. ಕಲಿಸಿದ್ದನ್ನು ನಂಬಿದೆ, ಈಗಲೂ ನಂಬುತ್ತೇನೆ. ಆದ್ದರಿಂದ ಎಲ್ಲಿ ನನಗೆ ಖಾತ್ರಿಯಿಲ್ಲವೋ ಅಲ್ಲಿ ಇಲ್ಲ ಎಂದೇ ಬರೆಯುತ್ತೇನೆ. ಸಿಟ್ಟಿನ ವಿಷಯದಲ್ಲಿ ಮಾತ್ರ ಸಂಶಯವಿಲ್ಲ. ಅದು ಇಷ್ಟು ವರ್ಷಗಳಾದರೂ ಬಣ್ಣ ಬಿಟ್ಟಿಲ್ಲ.

ಜಮಖಾನ ಇದ್ದದ್ದು ಧಾರವಾಡದ ಒಂದು ಸಾರ್ವಜನಿಕ ಸಭಾಗೃಹದಲ್ಲಿ. ಅದರ ಹೆಸರು ಬರೆಯುವುದಿಲ್ಲ. ಬ್ರಿಟಿಷರ ಕಾಲದಲ್ಲಿ, ಹತ್ತಿಯ ವ್ಯಾಪಾರ ಚೆನ್ನಾಗಿದ್ದ ವರ್ಷಗಳಲ್ಲಿ, ಊರಿನ ದೊಡ್ಡವರು ಸೇರಿ ಕಟ್ಟಿಸಿದ್ದು. ಕಲ್ಲಿನ ಗೋಡೆ, ಮಂಗಳೂರು ಹೆಂಚು, ಎತ್ತರದ ಕಿಟಕಿಗಳು, ಒಂದು ತುದಿಗೆ ವೇದಿಕೆ, ಅದರ ಹಿಂದೆ ನಾಟಕದವರು ಬಣ್ಣ ಹಚ್ಚಿಕೊಳ್ಳುವ ಕೋಣೆ. ಬಾಗಿಲ ಮೇಲಿನ ಕಲ್ಲಿನಲ್ಲಿ 'ಸಾರ್ವಜನಿಕ' ಎಂಬ ಶಬ್ದವನ್ನು ಆಳವಾಗಿ ಕೆತ್ತಿದ್ದರು. ಅಲ್ಲಿ ಸ್ವಾತಂತ್ರ್ಯದ ಭಾಷಣಗಳಾದವು. ಕರ್ನಾಟಕ ಒಂದಾಗಬೇಕೆಂಬ ಠರಾವುಗಳಾದವು, ಒಂದಾದಾಗ ಪೇಢೆ ಹಂಚಿದರು. ಬೇಸಿಗೆಯಲ್ಲಿ ವ್ಯಾಖ್ಯಾನಮಾಲೆ, ನವರಾತ್ರಿಗೆ ನಾಡಹಬ್ಬ, ನಡುನಡುವೆ ಗಾಯನ, ನಾಟಕ, ಲಗ್ನ, ಮುಂಜಿವೆ. ಮಧ್ಯಾಹ್ನದ ಹೊತ್ತು ಹೆಣ್ಣುಮಕ್ಕಳ ಹೊಲಿಗೆ ವರ್ಗ. ಮುಂದಿನ ವರಾಂಡದಲ್ಲಿ ದಿನಪತ್ರಿಕೆಗಳು. ಊರಿಗೆ ಅದರ ಬಗ್ಗೆ ಹೆಮ್ಮೆ ಇತ್ತು, ಇರಬೇಕಾದದ್ದೇ.

ನನ್ನ ಆಯಿಗೂ ಇತ್ತು. ಆಯಿ ಎಂದರೆ ಅಪ್ಪನ ತಾಯಿ. ಆ ಸಭಾಗೃಹದ ನೆಲ ಸುಣ್ಣದ ಗಚ್ಚಿನದು. ಹೆಂಗಸರು ಸಾಲಾಗಿ ಕೂತು ಕಟ್ಟಿಗೆಯ ಹಲಗೆಗಳಿಂದ ದಿನಗಟ್ಟಲೆ ಬಡಿದು ನುಣುಪು ಮಾಡಿದ ನೆಲ. ಬಡಿದವರಲ್ಲಿ ತಾನೂ ಒಬ್ಬಳು ಎಂದು ಆಯಿ ಹೇಳುತ್ತಿದ್ದಳು. ನಾನು ನಂಬಿದೆನೆಂದು ಹೇಳಲಾರೆ. ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೂ ತಾನೇ ಸುಣ್ಣ ಹೊತ್ತೆ ಅನ್ನುತ್ತಿದ್ದಳು, ಕಚೇರಿಗೂ, ಪಾದ್ರಿಗಳ ಶಾಲೆಗೂ ಹೊತ್ತೆ ಅನ್ನುತ್ತಿದ್ದಳು. ಅವಳ ಮಾತು ಕೇಳಿದರೆ ಜೋಡಿ ಊರುಗಳ ಅರ್ಧ ಭಾಗವನ್ನು ಆಕೆಯೊಬ್ಬಳೇ ಎಬ್ಬಿಸಿದ್ದಳು. ಅವ್ವ ಚೇಷ್ಟೆ ಮಾಡುತ್ತಿದ್ದಳು: "ಅತ್ತೀ, ಉಣಕಲ್ ಕೆರಿ ಒಂದ್ ಬಿಟ್ಟೀರಿ ನೋಡ್ರಿ."

"ಅದೂ ನಾನಽ ತೋಡತಿದ್ನಿ," ಅನ್ನುತ್ತಿದ್ದಳು ಆಯಿ, "ಆವಾಗ ನಿನ್ನ ಗಂಡ ಹೊಟ್ಯಾಗಿದ್ದ."

ನಮ್ಮ ಓಣಿ ಯಾವುದು ಎಂಬುದನ್ನೂ ಹೇಳಿಬಿಡಬೇಕು. ಮುಟ್ಟಿಸಿಕೊಳ್ಳಬಾರದವರು ಎಂದು ಊರು ಯಾರನ್ನು ಅನ್ನುತ್ತಿತ್ತೋ ಅವರ ಓಣಿ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಓಣಿಯ ಕೆಲವು ಮನೆಯವರು ಬೌದ್ಧರಾದರು, ಮೊದಲಿಗರಲ್ಲಿ ಅಪ್ಪ ಒಬ್ಬ. ಆತ ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಾಸ್ತರ. ಬಿಳಿ ಧೋತರ, ಕರಿ ಕೋಟು, ಕಂಕುಳಲ್ಲಿ ಕೊಡೆ. ಬೇಸಿಗೆಯ ವ್ಯಾಖ್ಯಾನಮಾಲೆ ಶುರುವಾದರೆ ಆತನನ್ನು ಮನೆಯಲ್ಲಿ ಹಿಡಿಯುವುದು ಸಾಧ್ಯವಿರಲಿಲ್ಲ. ಉಪನಿಷತ್ತಿರಲಿ, ಪಂಚವಾರ್ಷಿಕ ಯೋಜನೆಯಿರಲಿ, ಚಂದ್ರನ ಮೇಲೆ ಗಾಳಿ ಇದೆಯೋ ಇಲ್ಲವೋ ಎಂಬುದಿರಲಿ, ಅಪ್ಪ ಹೋಗಿ ಕೇಳುತ್ತಿದ್ದ. ಕೂರುವುದು ಜಮಖಾನದ ಮೇಲೆಯೇ. ಯಾರೂ ಬೇಡ ಅಂದವರಲ್ಲ. ಬಾಗಿಲ ಬಳಿಯ ಹಿಂದಿನ ಮೂಲೆಯಲ್ಲಿ, ಅಂಚಿನ ನೀಲಿ ಪಟ್ಟಿಯ ಮೇಲೆ, ಗೋಡೆಗೆ ಒರಗದೆ ಕೂರುತ್ತಿದ್ದ. ಆ ಜಾಗ ಆತನದೇ ಎಂಬಂತೆ ಆಗಿಬಿಟ್ಟಿತ್ತು.

ಇದರಿಂದ ನನಗೆ ಬಹಳ ದಿನ ಏನೂ ತಿಳಿಯಲಿಲ್ಲ. ಒಬ್ಬ ಮಾಸ್ತರ ಕೂತರೆ ಆ ಜಮಖಾನಕ್ಕೆ ಏನೂ ಆಗುತ್ತಿರಲಿಲ್ಲ. ಓಣಿಯೇ ಬಂದು ಕೂರುವುದಾದರೆ ಮಾತ್ರ ಅದು ತೊಳೆಯಲು ಹೋಗುತ್ತಿತ್ತು.

ಮೊದಲ ಸಲ ಬುದ್ಧಪೂರ್ಣಿಮೆಗೆ. ಅಪ್ಪ ಅರ್ಜಿ ಕೊಟ್ಟ, ಸಭಾಗೃಹ ಸಿಕ್ಕಿತು. ಹೋಗಿ ನೋಡಿದರೆ ಬರೀ ನೆಲ. ಬಾಗಿಲು ತೆಗೆದ ಸಿಪಾಯಿ, "ಜಮಖಾನ ತೊಳ್ಯಾಕ ಹೋಗೇತ್ರಿ," ಅಂದ. ಆಯ್ತು ಎಂದು ನೆಲದ ಮೇಲೆ ಕೂತೆವು. ಮುಂದೆ ಓಣಿಯ ಹುಡುಗರು ಮ್ಯಾಟ್ರಿಕ್ ಪಾಸಾದ ಸಮಾರಂಭ. ಆಗಲೂ ತೊಳೆಯಲು ಹೋಗಿತ್ತು. ಅದು ಶ್ರಾವಣ. ಧಾರವಾಡದ ಶ್ರಾವಣದಲ್ಲಿ ಒಂದು ಟವೆಲ್ಲು ಹಿಂಡಿ ಹಾಕಿದರೆ ಬೂಷ್ಟು ಹಿಡಿಯುತ್ತದೆಯೇ ಹೊರತು ಒಣಗುವುದಿಲ್ಲ. ಅಂಥ ಮಳೆಯಲ್ಲಿ, ನಾಲ್ಕು ಆಳು ಹಿಡಿದರೆ ಏಳುವ ನವಲಗುಂದದ ಜಮಖಾನವನ್ನು ಯಾವ ಅಗಸ ಎಲ್ಲಿ ಹರವಿದ್ದ? ಮರುವಾರ ಅದೇ ಸಭಾಗೃಹದಲ್ಲಿ ಗಾಯನ ಇತ್ತು. ಅಪ್ಪ ಹೋಗಿ ಬಂದ. ನಾನು ಕೇಳಿದೆ: "ಜಮಖಾನ ಹಾಸಿದ್ರೇನು?"

"ಹಾಸಿದ್ರು."

"ಹಸಿ ಇತ್ತೇನು?"

ಅಪ್ಪ ಕೋಟು ಕಳಚಿ ಗೂಟಕ್ಕೆ ಹಾಕಿದ. "ಹಾಲ್ ಕೊಟ್ಟಾರೋ ಇಲ್ಲೋ? ಇಲ್ಲ ಅಂದಾರೇನು?" ಅಂದ.

ಅಂದಿರಲಿಲ್ಲ. ನನ್ನ ಸಿಟ್ಟು ಕೂತಿರುವುದು ಅಲ್ಲಿಯೇ. ಇಲ್ಲ ಎಂದಿದ್ದರೆ ಅದಕ್ಕೆ ಕಾಯಿದೆ ಬಂದಿತ್ತು, ಕೋರ್ಟು ಇತ್ತು. ಜಮಖಾನ ತೊಳೆಯಲು ಹಾಕಿದರು ಎಂದು ಯಾರು ಫಿರ್ಯಾದಿ ಬರೆದುಕೊಳ್ಳುತ್ತಾರೆ? ಧಾರವಾಡದವರ ಮಾತು ಬಹಳ ಛಲೋ ಎಂದು ಎಲ್ಲರೂ ಹೊಗಳುತ್ತಾರೆ. ಹೌದು, ಅಷ್ಟು ಛಲೋ ಮಾತಿನಲ್ಲಿ ನಿಮಗೆ ಇಲ್ಲ ಅಂದರೆ, ಅಂದಿದ್ದಾರೆ ಎಂಬುದು ನಿಮಗೆ ಮನೆ ಮುಟ್ಟುವವರೆಗೆ ಗೊತ್ತಾಗುವುದಿಲ್ಲ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಅಕ್ಕನ ಲಗ್ನ ಗೊತ್ತಾಯಿತು. ಹುಡುಗ ಹುಬ್ಬಳ್ಳಿಯ ಕೇಶ್ವಾಪುರದವನು, ರೈಲ್ವೆಯಲ್ಲಿ ನೌಕರಿ. ಲಗ್ನ ಆ ಸಭಾಗೃಹದಲ್ಲೇ ಆಗಬೇಕು ಎಂದು ಅಪ್ಪ ಹಟ ಹಿಡಿದ. ಓಣಿಯಲ್ಲಿ ಚಪ್ಪರ ಹಾಕಿದರೆ ಸಾಲದೇ ಎಂದು ಅವ್ವ ಕೇಳಿದಳು. ಅಪ್ಪನದು ಒಂದೇ ಮಾತು. ಆ ಜಾಗದಲ್ಲಿ ಕೂತು ತಾನು ಇಡೀ ಊರಿನ ಮಾತು ಕೇಳಿದ್ದೇನೆ, ಆ ಜಮಖಾನದ ಮೇಲೆ ಒಂದು ದಿನ ತನ್ನ ಮಂದಿಯೂ ಕೂರಬೇಕು. ಆತ ಬೇಡಿದ್ದು ಅಷ್ಟೇ. ಹಟದ ಮೇಲೆ ಹಟವಾಗಿ ನಾನು ಹೇಳಿದೆ: ಹಾಗಾದರೆ ಜಮಖಾನದ ಮಾತನ್ನು ಬಾಯಿಬಿಟ್ಟು ಕೇಳಬೇಕು.

ಕೇಳಲು ಹೋದೆವು. ಸಭಾಗೃಹದ ಕಾರ್ಯದರ್ಶಿಗಳ ಮನೆ ಮಾಳಮಡ್ಡಿಯಲ್ಲಿ. ಅವರು ಖಾದಿ ಉಡುತ್ತಿದ್ದರು, ಚಲೇಜಾವ್ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದಿದ್ದರು, ಬಹಳ ಓದಿದ್ದರು. ಈಗಲೂ ಅವರನ್ನು ಬಹುವಚನದಲ್ಲೇ ಬರೆಯುತ್ತಿದ್ದೇನೆ, ಆ ಸೌಜನ್ಯದ ರೋಗ ನನಗೂ ಅಂಟಿದೆ. ಅವರು ಕೆಟ್ಟವರಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಪಡಸಾಲೆಯಲ್ಲಿ ಕುರ್ಚಿ ಕೊಟ್ಟರು. ಚಹಾ ಕೊಟ್ಟರು, ಒಳ್ಳೆಯ ಕಪ್ಪಿನಲ್ಲೇ ಕೊಟ್ಟರು. ನ್ಯಾಯವಾಗಿ ಅದನ್ನೂ ಬರೆಯಬೇಕು.

"ಮಗಳ ಲಗ್ನ ಅಂದ್ರ ನಮ್ಮನಿ ಲಗ್ನ ಇದ್ಧಾಂಗ್ರಿ ಮಾಸ್ತರ," ಅಂದರು. "ಹಾಲ್ ನಿಮ್ಮದಽ ಅದ. ಕೇಳೋದೇನು?"

"ಜಮಖಾನಾ..." ಎಂದು ಅಪ್ಪ ಶುರು ಮಾಡಿ ನಿಲ್ಲಿಸಿದ.

"ನಾವು ಕೇಳಿದಾಗೆಲ್ಲಾ ಅದು ತೊಳ್ಯಾಕ ಹೋಗಿರತೈತ್ರಿ," ಎಂದು ನಾನು ಮುಗಿಸಿದೆ.

ಅವರ ಮುಖದಲ್ಲಿ ಏನಾದರೂ ಬದಲಾಯಿತೇ? ಬದಲಾಯಿತು ಎಂದು ನಾನು ಅನೇಕರಿಗೆ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ನಾನು ಆಗ ಅವರ ಮುಖ ನೋಡುತ್ತಿರಲಿಲ್ಲ, ಕಪ್ಪಿನಲ್ಲಿ ಉಳಿದ ಚಹಾ ನೋಡುತ್ತಿದ್ದೆ. ಅವರ ಉತ್ತರ ಮಾತ್ರ ನೆನಪಿದೆ.

"ಹೌದೇನ್ರಿ? ಅದು ಯೋಗಾಯೋಗ. ಹಳೇ ಜಮಖಾನ, ಧೂಳಾ ಭಾಳ ಹಿಡೀತದ. ಈ ಸರ್ತೆ ನಾನಽ ನಿಂತು ಹಾಸಸ್ತೇನಿ. ನನ್ನ ಮಾತು."

ಮನೆಗೆ ಬರುವ ದಾರಿಯುದ್ದಕ್ಕೂ ಅಪ್ಪ ಹಗುರಾಗಿ ನಡೆದ. "ನೋಡಿದಿಲ್ಲೋ, ಬಾಯಿ ಬಿಟ್ಟು ಕೇಳಿದ್ರ ಕೆಲಸ ಆಕ್ಕೈತಿ. ನೀವು ಕಾಲೇಜಿನವರು ಸುಮ್ನ ಮನಸಿನ್ಯಾಗ ಹಲ್ಲು ಕಡೀತೀರಿ," ಅಂದ. ನನಗೆ ಖುಷಿಯಾಯಿತು. ಆತ ಹೇಳಿದ್ದೇ ನಿಜವಾಗಲಿ ಎಂದು ಅಂದು ನಾನು ಬಯಸಿದ್ದೆ.

ಲಗ್ನದ ದಿನ ಬೆಳಿಗ್ಗೆ ನಾವು ಬೇಗ ಹೋದೆವು. ವೈಶಾಖದ ಬಿಸಿಲು ಆಗಲೇ ಕಿಟಕಿಗಳಿಂದ ಒಳಗೆ ಬಿದ್ದಿತ್ತು. ನೆಲ ಗುಡಿಸಿದ್ದರು, ನೀರು ಚಿಮುಕಿಸಿದ್ದರು. ಬರೀ ನೆಲ.

ಸಿಪಾಯಿ ನಮ್ಮ ಮುಖ ನೋಡದೆ ಹೇಳಿದ: "ಜಮಖಾನ ತೊಳ್ಯಾಕ ಹೋಗೇತ್ರಿ."

ಇಲ್ಲಿ ನನ್ನ ನೆನಪು ಎರಡಾಗಿ ಸೀಳುತ್ತದೆ. ನಾನು ವೇದಿಕೆ ಹತ್ತಿ, ಪರದೆ ಸರಿಸಿ, ಬಣ್ಣದ ಕೋಣೆಗೆ ಹೋದೆ. ಅಲ್ಲಿ ಮೂಲೆಯಲ್ಲಿ, ನಾಟಕದ ಸಿಂಹಾಸನದ ಹಿಂದೆ, ಜಮಖಾನದ ಸುರುಳಿ ಗೋಡೆಗೆ ಆತು ನಿಂತಿತ್ತು. ಹಗ್ಗ ಬಿಗಿದಿತ್ತು. ಕೈ ಇಟ್ಟೆ, ಒಣಗಿತ್ತು, ಧೂಳಿತ್ತು. ಅಂಗೈಗೆ ಆ ಒರಟು ನೂಲು ತಾಗಿದ್ದು ಈಗಲೂ ಗೊತ್ತಾಗುತ್ತದೆ. ಆದರೆ ಅಕ್ಕನಿಗೆ ಇದನ್ನು ಹೇಳಿದಾಗ ಆಕೆ ನನ್ನನ್ನೇ ನೋಡಿದಳು. "ಆ ಖೋಲಿಗೆ ಅವತ್ತು ಕೀಲಿ ಹಾಕಿದ್ರೋ. ನಾ ಸೀರಿ ಉಡಾಕ ಜಾಗಾ ಇಲ್ದ ಹಿತ್ತಲದಾಗ ತಟ್ಟಿ ಮರೀಗೆ ಉಟಗೊಂಡೇನಿ. ನೀ ಹೆಂಗ ಒಳಗ ಹೋದಿ?"

ಮದುಮಗಳು ಎಲ್ಲಿ ಸೀರೆ ಉಟ್ಟೆ ಎಂಬುದನ್ನು ಮರೆಯುವುದಿಲ್ಲ. ಹಾಗಾದರೆ ನಾನು ಮುಟ್ಟಿದ್ದು ಯಾವಾಗ? ಬೇರೆ ದಿನವೇ? ಅಥವಾ ಮುಟ್ಟಲೇ ಇಲ್ಲವೇ, ಮುಟ್ಟಬೇಕೆಂದು ಅಷ್ಟು ಬಯಸಿದ್ದರಿಂದ ಅಂಗೈಯೇ ಕಥೆ ಕಟ್ಟಿಕೊಂಡಿತೇ? ಗೊತ್ತಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಇದಕ್ಕೆ. ಅವರ ಕಡೆ ಕಲ್ಲಿನ ಕಟ್ಟಡವಿದೆ, ಕೆತ್ತಿದ ಅಕ್ಷರವಿದೆ. ನನ್ನ ಕಡೆ ಇರುವುದು ಇಂಥ ಒಂದು ಅಂಗೈ, ಅದೂ ಮಾತು ಬದಲಿಸುತ್ತದೆ.

ಅಪ್ಪ ನೆಲದ ನಡುವೆ ನಿಂತೇ ಇದ್ದ. ಹುಬ್ಬಳ್ಳಿಯಿಂದ ಬೀಗರ ಬಸ್ಸು ಬರುವ ಹೊತ್ತಾಗುತ್ತಿತ್ತು. ಮಾಳಮಡ್ಡಿಗೆ ಹೋಗಿ ಕೇಳಿ ಬರುತ್ತೇನೆ ಎಂದು ನಾನು ಹೊರಟೆ. ಅಪ್ಪ ನನ್ನ ತೋಳು ಹಿಡಿದ. "ಇವತ್ತ ಬ್ಯಾಡ. ನಿಮ್ಮ ಅಕ್ಕನ ದಿನ ಐತಿ."

ಅವ್ವ ಕೈಯಲ್ಲಿದ್ದ ಹೂವಿನ ಬುಟ್ಟಿ ಕೆಳಗಿಟ್ಟಳು. ಹೊರಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು, ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಕೌದಿ. ಹಳೆಯ ಸೀರೆ, ಧೋತರ, ಹರಿದ ಕುಪ್ಪಸಗಳ ತುಂಡು ಜೋಡಿಸಿ ಹೊಲಿಯುವ ಕೌದಿಗಳು. ನಮ್ಮ ಓಣಿಯಲ್ಲಿ ಕೌದಿ ಹೊಲಿದು ಮುಗಿಸುವಾಗ ನಡುವಿನ ತುಂಡಿನೊಳಗೆ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುತ್ತಿದ್ದರು. ಹೊಟ್ಟೆ ಖಾಲಿ ಇರುವ ಕೌದಿಯನ್ನು ಯಾರಿಗೂ ಹೊದಿಸಬಾರದು ಎಂದು ಅವರ ನಂಬಿಕೆ. ಅಪ್ಪ ಬೌದ್ಧನಾದ ಮೇಲೆ ಇದನ್ನು ಬಿಡಿಸಲು ನೋಡಿದ್ದ, ಯಾರೂ ಬಿಡಲಿಲ್ಲ.

ಹಾಸುವಾಗ ಅವರ ಮಾತು ಹೀಗಿತ್ತು:

"ನಂದು ಮುಂದ ಹಾಸಬ್ಯಾಡ್ರೆವ್ವಾ, ಮೂಲ್ಯಾಗ ಇಲಿ ಕಡದೇತಿ."

"ಹುಡುಗನ ಅವ್ವನ್ನ ಅಲ್ಲೇ ಕುಂಡ್ರಸೂನು. ತೂತು ಕಾಣಂಗಿಲ್ಲ ಬಿಡು."

"ಆಕಿ ಕುಂತ್ರ ಕೌದೀನಽ ಕಾಣಂಗಿಲ್ಲ."

ನಗು ಎದ್ದಿತು. ಬಾಗಿಲಲ್ಲಿ ಕೂತಿದ್ದ ಆಯಿ ಮಾತ್ರ ಮುಖ ಗಂಟು ಹಾಕಿದ್ದಳು. "ಎಷ್ಟ ಬಡದಿದ್ನಿ ಆ ನೆಲಾ. ಮುಚ್ಚಾಕತ್ತೀರಲ್ಲ," ಅಂದಳು. ಯಾರೋ ಆಕೆಗೆ ಸಮಾಧಾನ ಹೇಳಿದರು: "ನಿಮ್ಮ ನೆಲಾ ಒಂದ್ ಗೇಣು ಬಿಟ್ಟೇವು ತಗೋರಿ, ಅಂಚಿನ್ಯಾಗ."

ಆ ಒಂದು ಗೇಣು ಬಿಟ್ಟು, ಗೋಡೆಯಿಂದ ಗೋಡೆಗೆ ನೆಲ ತುಂಬಿತು. ಹುಬ್ಬಳ್ಳಿಯಿಂದ ಬಂದ ಫೋಟೋದವನು ವೇದಿಕೆಯ ಮೇಲೆ ಕ್ಯಾಮೆರಾದ ಮುಕ್ಕಾಲಿ ಊರಿ, "ಒಂದ್ ನಿಮಿಷ ಎಲ್ಲಾರೂ ಬಾಜೂಕ ಆಗ್ರಿ. ಯಾರೂ ತುಳೀಬ್ಯಾಡ್ರಿ," ಅಂದ. ಎಲ್ಲರೂ ಗೋಡೆಗೆ ಸರಿದು, ಬಾಗಿಲಾಚೆ ಹೋದರು. ಕರಿ ಬಟ್ಟೆಯೊಳಗೆ ತಲೆ ಹಾಕಿ ಆತ ಖಾಲಿ ಕೌದಿಗಳ ಚಿತ್ರ ತೆಗೆದ. ಲಗ್ನದ ಉಳಿದ ಚಿತ್ರಗಳನ್ನು, ಕದಲುವ ಮಂದಿಯನ್ನು ಹಿಡಿಯಲು ಒಳಗಿನ ಬೆಳಕು ಸಾಲದೆಂದು, ಹೊರಗಿನ ಬಯಲಲ್ಲಿ, ಬೇವಿನ ಮರದ ಮುಂದೆ ತೆಗೆದ. ಈ ಸಣ್ಣ ಸಂಗತಿ ಮುಂದೆ ನಮ್ಮನ್ನು ಕಾಡಿತು.

ಲಗ್ನ ಚೆನ್ನಾಗಿ ಆಯಿತು. ಬುದ್ಧನ ಚಿತ್ರದ ಮುಂದೆ ಮೇಣದಬತ್ತಿ ಹಚ್ಚಿದರು, ಅಕ್ಕ ಬಿಳಿ ಸೀರೆಯಲ್ಲಿದ್ದಳು, ಪಂಚಶೀಲ ಹೇಳಿದರು, ಅಕ್ಷತೆಯ ಬದಲು ಹೂವಿನ ಎಸಳು. ಹಿತ್ತಲಲ್ಲಿ ಗೋಧಿ ಹುಗ್ಗಿಯ ಊಟ. ಕಾರ್ಯದರ್ಶಿಗಳೂ ಮಾಲೆ ತಗೊಂಡು ಬಂದರು. ಬಾಗಿಲಲ್ಲಿ ನಿಂತು ನೆಲ ನೋಡಿ, "ವಾ, ಏನ್ ಛಂದ ಹಾಸೀರಿ. ನಮ್ಮ ಜಮಖಾನ ಇದರ ಮುಂದ ಏನ್ರಿ ಮಾಸ್ತರ?" ಅಂದರು. ಅಪ್ಪ ಕೈ ಮುಗಿದ. ಅವರು ಆಮೇಲೆ ಕೌದಿಯ ಮೇಲೆ ಕೂತರೋ ಇಲ್ಲವೋ? ಕೂತರು ಎಂದು ಅಕ್ಕ, ನಿಂತೇ ಇದ್ದು ಹೋದರು ಎಂದು ಅವ್ವ. ನಾನು ಆ ಹೊತ್ತಿಗೆ ಹಿತ್ತಲಲ್ಲಿ ನೀರಿನ ಕೊಡ ಹೊರುತ್ತಿದ್ದೆ. ನೋಡದಿದ್ದದ್ದನ್ನು ನೋಡಿದೆ ಎಂದು ಬರೆಯಲಾರೆ.

ಅದಾಗಿ ಏಳೆಂಟು ವರ್ಷಗಳಾದವು. ನಾನು ಎಂ.ಎ. ಮುಗಿಸಿದೆ, ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ. ಆಯಿ ಹೋದಳು. ಓಣಿಯ ಹುಡುಗರಲ್ಲಿ ಕೆಲವರು ಕಚೇರಿಗಳಲ್ಲಿ ಕುರ್ಚಿ ಹಿಡಿದರು. ಅಪ್ಪ ನಿವೃತ್ತನಾಗಿ, ದಿನವೂ ಸಭಾಗೃಹದ ವರಾಂಡದಲ್ಲಿ ಪತ್ರಿಕೆ ಓದಿ ಬರುತ್ತಿದ್ದ. ಆ ವರ್ಷ ಸಭಾಗೃಹದ ಉತ್ಸವ. ಒಂದು ವಾರ ಭಾಷಣ, ಗಾಯನ, ಮತ್ತು ಹಳೆಯ ಛಾಯಾಚಿತ್ರಗಳ ಪ್ರದರ್ಶನ.

ಮೊದಲ ದಿನ ಅಪ್ಪ ಬೇಗ ಮನೆಗೆ ಬಂದ. ಕೋಟು ಕಳಚಲಿಲ್ಲ. "ನಿಮ್ಮ ಅಕ್ಕನ ಲಗ್ನದ ಫೋಟೋ ಹಾಕ್ಯಾರ," ಅಂದ. ಕೊಡೆಯನ್ನು ಮೂಲೆಗೆ ಇಡುತ್ತ, "ನೀ ಒಮ್ಮೆ ನೋಡಿ ಬಾ," ಅಂದ.

ಹೋದೆ. ಬಲಗೋಡೆಯ ಮೇಲೆ, ದೊಡ್ಡವರ ಚಿತ್ರಗಳ ಸಾಲಿನಲ್ಲಿ, ಒಳ್ಳೆಯ ಕಟ್ಟು ಹಾಕಿಸಿ ತೂಗಿಸಿದ್ದರು. ಆ ಖಾಲಿ ಕೌದಿಗಳ ಚಿತ್ರ. ಫೋಟೋದವನು ತನ್ನ ಅಂಗಡಿಯ ಗಾಜಿನಲ್ಲಿ ಅದನ್ನು ಇಟ್ಟಿದ್ದನಂತೆ, ಅಲ್ಲಿಂದ ತಂದಿದ್ದರು. ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ಸಭಾಗೃಹದಲ್ಲಿ ನಡೆದ ಗ್ರಾಮೀಣ ಕೌದಿಗಳ ಪ್ರದರ್ಶನ.'

ಅದೇ ಹೊತ್ತಿಗೆ ಇಬ್ಬರು ನನ್ನ ಪಕ್ಕದಲ್ಲಿ ನಿಂತು ಮೆಚ್ಚುತ್ತಿದ್ದರು. ಹಳ್ಳಿಯ ಹೆಣ್ಣುಮಕ್ಕಳ ಕೈಯಲ್ಲಿ ಎಂಥ ಕಲೆ ಇದೆ ಎಂದು ಒಬ್ಬರು ಅಂದರು.

ಮರುದಿನ ಅಪ್ಪನ ಜೊತೆಗೆ ಹೋಗಿ ಕಾರ್ಯದರ್ಶಿಗಳನ್ನು ಕಂಡೆ. ಅವರಿಗೂ ವಯಸ್ಸಾಗಿತ್ತು. ಇದು ನನ್ನ ಅಕ್ಕನ ಲಗ್ನದ ಚಿತ್ರ, ಪ್ರದರ್ಶನವಲ್ಲ ಎಂದೆ. ನೀವು ಜಮಖಾನ ಕೊಡದಿದ್ದುದಕ್ಕೆ ಓಣಿಯವರು ಮನೆಯ ಹಾಸಿಗೆ ತಂದು ಹಾಸಿದ್ದು ಎಂದೆ. ದನಿ ಎತ್ತರವಾಗಿತ್ತು, ಜನ ತಿರುಗಿ ನೋಡಿದರು.

ಅವರು ಸಿಟ್ಟಾಗಲಿಲ್ಲ. ಚಿತ್ರದ ಹತ್ತಿರ ಹೋಗಿ, ಕನ್ನಡಕ ಏರಿಸಿ, ನಿಧಾನವಾಗಿ ನೋಡಿದರು. "ಲಗ್ನ ಅಂತೀರಿ. ಮದಲಗಿತ್ತಿ ಎಲ್ಲಿದ್ದಾಳ್ರಿ ಇದರಾಗ? ಒಬ್ಬ ಮನಶ್ಯಾ ಆದ್ರೂ ಇದ್ದಾನೇನು? ನೀವು ಇತಿಹಾಸ ಓದಿದವರು. ನಿಮಗ ನಾ ಹೇಳಬೇಕೇನು, ಖಾತ್ರಿ ಇಲ್ಲದ್ದನ್ನ ಬರೀಲಿಕ್ಕೆ ಬರೂದಿಲ್ಲ."

ನನ್ನ ಪ್ರಾಧ್ಯಾಪಕರು ಅಲ್ಲಿದ್ದಿದ್ದರೆ ಅವರೂ ಇದನ್ನೇ ಅನ್ನುತ್ತಿದ್ದರು. ಬೇವಿನ ಮರದ ಮುಂದಿನ ಚಿತ್ರಗಳಲ್ಲಿ ಅಕ್ಕ ಇದ್ದಳು, ಕೌದಿ ಇರಲಿಲ್ಲ. ಇದರಲ್ಲಿ ಕೌದಿ ಇತ್ತು, ಅಕ್ಕ ಇರಲಿಲ್ಲ. 'ಪ್ರದರ್ಶನ' ಎಂಬುದಕ್ಕೆ ನಿಮ್ಮ ಖಾತ್ರಿ ಏನು ಎಂದು ನಾನು ತಿರುಗಿ ಕೇಳಬೇಕಾಗಿತ್ತು. ಅದು ಹೊಳೆದದ್ದು ಮನೆಗೆ ಬಂದ ಮೇಲೆ.

ಆಗ ಅಪ್ಪ ಮಾತಾಡಿದ. ಇಷ್ಟು ವರ್ಷ ಆ ಕಟ್ಟಡದಲ್ಲಿ ಕೂತು ಕೇಳಿದ್ದ ಆತ ಅಲ್ಲಿ ಏನಾದರೂ ಕೇಳಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ನಮ್ಮ ಹೆಸರು ಬ್ಯಾಡ್ರಿ. ಓಣಿ ಹೆಸರೂ ಬ್ಯಾಡ. ಜಮಖಾನದ ಮಾತೂ ಬ್ಯಾಡ. 'ಒಂದು ಲಗ್ನ' ಅಂತ ಬರಸ್ರಿ, ಅಷ್ಟ ಸಾಕು. ಅದು ನನ್ನ ಮಗಳ ಲಗ್ನ ಇತ್ರಿ. ಸಂತಿ ಅಲ್ಲ."

ಕಾರ್ಯದರ್ಶಿಗಳು ಅಪ್ಪನ ಕೈ ಹಿಡಿದರು. "ಮಾಸ್ತರ, ನೀವು ಹೇಳಿದ ಮ್ಯಾಲೆ ಮುಗೀತು. ನಾಳೆ ಬದ್ಲಿ ಮಾಡಸ್ತೇನಿ. ನನ್ನ ಮಾತು."

ಮರುದಿನ ಅಪ್ಪ ಕ್ಷೌರ ಮಾಡಿಸಿಕೊಂಡು, ಮಡಿ ಧೋತರ ಉಟ್ಟು ಹೋದ. ನಾನೂ ಹೋದೆ. ಗೋಡೆಯ ಮೇಲೆ ಮೊಳೆ ಇತ್ತು. ಮೊಳೆಯ ಕೆಳಗೆ, ಸುತ್ತಲಿನ ಗೋಡೆಗಿಂತ ಬೆಳ್ಳಗಿರುವ ಒಂದು ಚೌಕ ಇತ್ತು. ಚಿತ್ರ ತೂಗಿಸಿ ಎರಡೇ ದಿನವಾಗಿತ್ತು, ಅಷ್ಟರಲ್ಲಿ ಬೆಳ್ಳಗಿನ ಗುರುತು ಬೀಳುವುದು ಸಾಧ್ಯವೇ ಇಲ್ಲ. ಅದನ್ನು ನಾನೇ ಸೇರಿಸಿಕೊಂಡಿರಬೇಕು. ಮೊಳೆ ಮಾತ್ರ ಖಂಡಿತ ಇತ್ತು.

ಹೊಸ ಸಿಪಾಯಿ, ತರುಣ. ಕೇಳಿದೆ.

"ಅದರ ಕಟ್ಟು ಸಡ್ಲ ಆಗಿತ್ತಂತ್ರಿ. ದುರಸ್ತಿಗೆ ಹೋಗೇತಿ."

ಅಪ್ಪ ತಲೆಯಾಡಿಸಿದ. ವರಾಂಡಕ್ಕೆ ಬಂದು, ಪತ್ರಿಕೆ ಎತ್ತಿಕೊಂಡ. ಆ ದಿನ ಆತ ಪುಟ ಮಗುಚಿದ್ದನ್ನು ನಾನು ನೋಡಲಿಲ್ಲ.

ಮನೆಯಲ್ಲಿ ನಾನು ಕೂಗಾಡಿದೆ. ಪತ್ರಿಕೆಗೆ ಬರೆಯುತ್ತೇನೆ, ಆ ಸಭೆಯಲ್ಲಿ ಎದ್ದು ನಿಂತು ಕೇಳುತ್ತೇನೆ ಎಂದೆ. ಲಗ್ನಕ್ಕೆಂದು ಕೇಳಿದ್ದು ತೊಳೆಯಲು ಹೋಯಿತು, ಲಗ್ನವೇ ದುರಸ್ತಿಗೆ ಹೋಯಿತು ಎಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ನಿಲ್ಲಿಸದೆ ಕೇಳಿದಳು: "ಮುಗಿಯೋ ದಿನ ಭಾಷಣ ಯಾವಾಗೈತಿ?"

"ಸಂಜಿಕೆ. ಯಾಕ?"

"ನಾನೂ ಬರತೇನಿ."

ಅವ್ವ ಒಂದೂ ವ್ಯಾಖ್ಯಾನಕ್ಕೆ ಬಂದವಳಲ್ಲ. ಕೊನೆಯ ದಿನದ ವಿಷಯ, ಸಭಾಗೃಹ ಮತ್ತು ಸಮಾಜ ಎಂಬಂಥದ್ದು ಏನೋ. ಜಮಖಾನ ಹಾಸಿತ್ತು, ಊರು ತುಂಬಿತ್ತು. ಅಪ್ಪ ಮುಂಚೆಯೇ ಹೋಗಿ ತನ್ನ ಮೂಲೆಯಲ್ಲಿ, ನೀಲಿ ಪಟ್ಟಿಯ ಮೇಲೆ ಕೂತಿದ್ದ. ಕೇಶ್ವಾಪುರದಿಂದ ಅಕ್ಕನೂ ಬಂದಿದ್ದಳು. ಅವ್ವ ಬಾಗಿಲು ದಾಟಿ ಬಂದಾಗ ಅವಳ ಕಂಕುಳಲ್ಲಿ ಒಂದು ಕೌದಿ ಇತ್ತು. ಜಮಖಾನ ಮುಗಿಯುವಲ್ಲಿ, ಗೋಡೆಯ ಪಕ್ಕಕ್ಕೆ, ಖಾಲಿ ನೆಲದ ಒಂದು ಪಟ್ಟಿ ಉಳಿದಿತ್ತು. ಆ ಮೊಳೆಯ ಕೆಳಗೇ. ಅಲ್ಲಿ ಅದನ್ನು ಹಾಸಿದಳು, ಎರಡೂ ಕೈಯಿಂದ ಸುಕ್ಕು ತೆಗೆದಳು, ಕೂತಳು. ಪಕ್ಕಕ್ಕೆ ಅಕ್ಕ ಕೂತಳು.

ಕಾರ್ಯದರ್ಶಿಗಳು ವೇದಿಕೆಯ ಮೆಟ್ಟಿಲ ಬಳಿ ಇದ್ದವರು ಬಂದರು. ಬಗ್ಗಿ, ಬಹಳ ಮೆಲ್ಲಗೆ, "ಅಲ್ಯಾಕ ಕೂತ್ರೆಮ್ಮಾ? ಇಷ್ಟು ದೊಡ್ಡ ಜಮಖಾನ ಅದ, ಮ್ಯಾಲೆ ಬರ್ರಿ," ಅಂದರು.

"ಇರಲ್ರಿ," ಅಂದಳು ಅವ್ವ. ಅವಳ ದನಿ ಹೊಲದಲ್ಲಿ ಕೂಗಿ ಕರೆದು ರೂಢಿಯಾದದ್ದು, ಇಡೀ ಸಭಾಗೃಹಕ್ಕೆ ಕೇಳಿತು. "ನಾವು ಕುಂತ್ರ ನಿಮ್ದು ತೊಳ್ಯಾಕ ಹೋಗತೈತಿ. ಸುಮ್ನ ನಿಮಗ ತ್ರಾಸ."

ಯಾರೋ ಹಿಂದೆ ಕೆಮ್ಮಿದರು. ಕಾರ್ಯದರ್ಶಿಗಳು ನೆಟ್ಟಗಾದರು. ಅವರಿಗೆ ಮಾತು ಸಿಗದೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಕ್ಕನೂ ಇದನ್ನು ಒಪ್ಪುತ್ತಾಳೆ, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಆಗ ಅಪ್ಪ ತನ್ನ ಮೂಲೆಯಿಂದ ಎದ್ದ. ಕೊಡೆ ತಗೊಂಡ. ಕೂತವರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಳ್ಳುತ್ತ, "ಸರೀರಿ, ಸ್ವಲ್ಪ ಸರೀರಿ," ಅನ್ನುತ್ತ ಜಮಖಾನ ದಾಟಿ ಬಂದು, ಅವ್ವನ ಪಕ್ಕದಲ್ಲಿ ಕೌದಿಯ ಮೇಲೆ ಕೂತ. ಗೋಡೆಗೆ ಬೆನ್ನು ಒರಗಿಸಿದ. ಭಾಷಣ ಪೂರ್ತಿ ಕೇಳಿದ. ಆಮೇಲೆ ಆತ ಆ ವರಾಂಡಕ್ಕೆ ಪತ್ರಿಕೆ ಓದಲು ಹೋದದ್ದುಂಟು, ಒಳಗೆ ಹೋಗಲಿಲ್ಲ. ಚಿತ್ರ ದುರಸ್ತಿಯಿಂದ ತಿರುಗಿ ಬರಲಿಲ್ಲ.

ಮನೆಗೆ ನಡೆಯುವಾಗ ಕೌದಿ ನನ್ನ ಹೆಗಲ ಮೇಲಿತ್ತು. "ಇದು ಅವತ್ತು ಲಗ್ನದಾಗ ಹಾಸಿದ್ದಽ ಏನವಾ?" ಎಂದು ಕೇಳಿದೆ. ಹೌದು ಅನ್ನಲಿ ಎಂದು ಬಯಸಿ ಕೇಳಿದೆ.

"ಅದೆಲ್ಲಿ ಉಳೀತೈತೋ? ಹರದು ಒಲಿ ಒರಸಾಕ ಹೋತು," ಅಂದಳು ಅವ್ವ. "ಇದು ಮೊನ್ನಿ ದೀಪಾವಳಿಗೆ ಹೊಲದದ್ದು."

ಅಪ್ಪ ಮುಂದೆ ನಡೆಯುತ್ತಿದ್ದವನು ತಿರುಗಿ ಕೇಳಿದ: "ಅದರಾಗ ಹೋಳಗಿ ಇಟ್ಟೀಯೇನು?"

"ಇಟ್ಟೇನಿ," ಅಂದಳು. "ನೀವೇನ್ ಮಾಡ್ಕೋತೀರಿ ಮಾಡ್ಕೋರಿ."

ಸ್ವಲ್ಪ ದೂರ ಹೋದ ಮೇಲೆ ಅಪ್ಪ ನನ್ನ ಹೆಗಲಿನಿಂದ ಕೌದಿ ಇಸಿದುಕೊಂಡು ತಾನು ಹೊತ್ತ.